ಗ್ಯಾರೇಜಿಗೆ ಕರೆಂಟ್ ಬಂದದ್ದು

ಸಂಪಗಾಂವ
ತಾ. ೧೪ ಜುಲೈ ೨೦೨೪, ರವಿವಾರ

ಮನಿಯವರಿಗೆ, ನಿಮ್ಮ ಅನ್ನಪೂರ್ಣಾ ಮಾಡೂ ನಮಸ್ಕಾರ.

ಹ್ಯಾಂಗ ಅದೀರಿ? ಕೆಮ್ಮು ಕಡಿಮಿ ಆತೇನು? ಹೋದ ಸಲ ಫೋನಿನ್ಯಾಗ ನಿಮ್ಮ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸ್ತು. ಅಲ್ಲೆ ಮ್ಯಾಲ ಹಿಮದಾಗ ಕುಡ್ಯಾಕ ಬಿಸಿನೀರು ಸಿಗತೈತೋ ಇಲ್ಲೋ, ಕಾಲುಚೀಲ ಎರಡೆರಡು ಹಾಕ್ಕೋತೀರೋ ಇಲ್ಲೋ, ಬಾತಿದ್ದ ಬೆರಳು ಇಳೀತೋ ಇಲ್ಲೋ, ಇಷ್ಟೆಲ್ಲಾ ಕೇಳಬೇಕಂತ ನೆನಪಿಟ್ಟಕೊಂಡಿದ್ದೆ. ನಿಮ್ಮ ದನಿ ಕೇಳಿದ ಕೂಡಲೇ ಎಲ್ಲಾ ಮರತು "ಉಂಡ್ರೇನು?" ಅಂದೆ. ನೀವು "ಉಂಡೆ" ಅನ್ನೂದರಾಗ ಲೈನ್ ಹೋತು. ನಿಮ್ಮ ಹಿಂದ ಇನ್ನೊಬ್ಬರ ಪಾಳಿ ಇತ್ತೇನೋ. ಗಡಿ ಮ್ಯಾಲಿನ ಮಿಲಿಟರಿ ಪೋಸ್ಟಿನಿಂದ ಕೆಳಗ ಇಳಿಯೂತನಕ ನಿಮ್ಮ ಮೊಬೈಲ್ ಹತ್ತೂದಿಲ್ಲ, ಅದಕ್ಕ ಪತ್ರ ಬರ್ಯಾಕ ಕುಂತೇನಿ. ರೇಷನ್ ಜೋಡಿ ಟಪಾಲೂ ಮ್ಯಾಲ ಬರತೈತಿ ಅಂತ ನೀವ ಹೇಳಿದ್ರಿ. ಇದು ನಿಮ್ಮ ಕೈ ಮುಟ್ಟೂದರಾಗ ಇಲ್ಲೆ ಶ್ರಾವಣ ಬಂದಿರತೈತಿ.

ಇಲ್ಲೆ ಮಳಿ ಚೊಲೋ ಆಗೈತಿ. ಪಾಲಿಗೆ ಕೊಟ್ಟ ಹೊಲದಾಗ ಸೋಯಾಬೀನ್ ಎದ್ದಾವ, ಹಾದಿಗೆ ನಿಂತು ನೋಡಿದ್ರ ಹಸರು ಹಾಸಿದಂಗ ಕಾಣತೈತಿ. ಎಮ್ಮಿ ಹಾಲು ಹೆಚ್ಚಾಗ್ಯಾವ, ಕುಡಿಯೂ ಮಂದಿ ಇಲ್ಲ, ಬಾಜೂ ಮನಿ ರಾಯವ್ವಗ ಮಜ್ಜಿಗಿ ಕೊಟ್ಟು ಕೊಟ್ಟು ಆಕೀನೂ ಸಾಕಂದಾಳ. ನನಗೇನೂ ಆಗಿಲ್ಲ, ಆರೋಗ್ಯ ಸರಿ ಐತಿ. ಸಂಜಿಗೆ ಟೀವಿ ಹಚ್ಚತೇನಿ. ನೋಡಾಕಲ್ಲ, ಮನಿಯಾಗ ಯಾರೋ ಮಾತಾಡಿದಂಗ ಆಗಲಿ ಅಂತ. ಮೊನ್ನೆ ಅದರಾಗಿನ ಹೆಣಮಗಳು "ಬನ್ನಿ, ಕೂತ್ಕೊಳ್ಳಿ" ಅಂದಳು, ನಾನು ಒಲಿ ಮುಂದಿಂದ "ಬಂದೆ, ತಡೀರಿ" ಅಂತ ಅಂದುಬಿಟ್ಟೆ. ನಗಬ್ಯಾಡ್ರಿ.

ಮುಖ್ಯ ಸುದ್ದಿ ಏನಂದ್ರ, ನಮ್ಮ ಗ್ಯಾರೇಜಿಗೆ ಕರೆಂಟ್ ಬಂತು. ಹೌದ್ರಿ, ನೀವು ಅರ್ಧಕ್ಕ ಬಿಟ್ಟು ಹೋದ ಕೆಲಸ ಮುಗೀತು. ಅತ್ತಿಯವರು ತೀರಿಕೊಂಡಾಗ ಬಂದಿದ್ರಲ್ಲ, ಆವಾಗ ಮನಿಯಿಂದ ಅಂಗಳದ ನಡುವಿನ ಬೋರಿನ ಪೆಟ್ಟಿಗಿತನಕ ನೆಲದಾಗ ವೈರ್ ಹೂತು, "ಇಲ್ಲಿಂದ ಗ್ಯಾರೇಜಿಗೆ ಮುಂದಿನ ರಜಾಕ್ಕ ಎಳಿಯೂಣು" ಅಂದಿದ್ರಿ. ಮುಂದಿನ ರಜಾ ಬರಲಿಲ್ಲ, ನಿಮಗ ಮ್ಯಾಲ ಹೋಗೂ ಹುಕುಂ ಬಂತು. ಅಷ್ಟರಾಗ ಮಾವಾರು ಹೊರಸು, ಹಾಸಿಗಿ, ಚರಿಗಿ ತಗೊಂಡು ಗ್ಯಾರೇಜಿಗೆ ಹೋಗಿ ಇರಾಕ ಹತ್ತಿದ್ರು. ನೀವು ಫೋನಿನ್ಯಾಗ, "ಇರಲಿ ಬಿಡು, ಅವ್ವ ಹೋದ ಮ್ಯಾಲ ಅಪ್ಪಗ ಮನಿ ಸೇರವೊಲ್ದು, ತಾ ಓಡಿಸಿದ ಆ ಕಮಾಂಡರ್ ಜೀಪ ಅಂದ್ರ ಅವನ ಜೀವ" ಅಂತ ಸಮಾಧಾನ ಹೇಳಿದ್ರಿ. ನಾನು ಹೂಂ ಅಂದೆ. ಆದ್ರ ನನ್ನ ಮನಸಿನ್ಯಾಗ ಬ್ಯಾರೇನ ಇತ್ತು, ಅದನ್ನ ನಿಮಗ ಹೇಳಿರಲಿಲ್ಲ. ಅತ್ತಿಯವರು ಇರೂತನಕ ನಡುಮನಿಯಾಗ ಕುಂತು ಬೈಲಹೊಂಗಲದ ಮಾತು, ಮುನವಳ್ಳಿ ಸಂತಿಯ ಮಾತು ಹೇಳ್ಕೋತ ಉಣ್ಣೂ ಮನಶ್ಯಾ, ನಾ ಒಬ್ಬಾಕೀನ ಉಳಿದ ಮ್ಯಾಲ ಮನಿ ಬಿಟ್ಟು ಎದ್ದು ಹೋದ್ರು. ರೊಟ್ಟಿ ಒಯ್ದು ಕೊಟ್ಟರ "ಅಲ್ಲೆ ಇಟ್ಟು ಹೋಗವ್ವಾ" ಅನ್ನೂರು. ನಾ ನಿಂತಿರೂತನಕ ತುತ್ತು ಮುರೀತಿರಲಿಲ್ಲ. ನನ್ನ ಅಡಗಿ ಸೇರವೊಲ್ದೋ, ನನ್ನ ಮಾರಿನ ಸೇರವೊಲ್ದೋ ಅಂತ ತಿಳದು, ನಾನೂ ಇಟ್ಟು ಬರಾಕ ಹತ್ತಿದೆ. ಅಂಗಳದ ಆ ಕಡೆ ಅವರು, ಈ ಕಡೆ ನಾನು. ದಿನಕ್ಕ ನಾಕು ಮಾತು ಆಡಿದ್ರ ಭಾಳ ಆತು.

ಕತ್ತಲ್ಯಾಗ ಇರತಾರಂತ ನಾನ ಒಂದು ವೈರ್ ಎಳೆದಿದ್ದೆ, ಅಡಗಿಮನಿ ಪ್ಲಗ್ಗಿನಿಂದ ಅರವಿ ಒಣ ಹಾಕೂ ತಂತಿಗೆ ಸುತ್ತಿ, ಗ್ಯಾರೇಜಿನ ತಗಡಿನ ಸಂದಿಯಿಂದ ಒಳಗ. ಟೇಪ್ ಸುತ್ತಿದ ಜೋಡಣಿ ಎರಡು ಕಡೆ ಇತ್ತು. ಬ್ಯಾಸಗಿ ತುಂಬ ನಡೀತು. ಮಿರಗದ ಮೊದಲ ಮಳಿ ಬಿದ್ದ ಮುಂಜಾನೆ ತೋಯ್ದ ಅರವಿ ತಗ್ಯಾಕಂತ ತಂತಿಗೆ ಕೈ ಹಚ್ಚಿದೆ ನೋಡ್ರಿ, ಯಾರೋ ಹಿಡಿದು ಒಗದಂಗ ಆತು. ಅಂಗಳದ ರಾಡ್ಯಾಗ ಬಿದ್ದೆ. ಒದರಿದ್ದು ನಾನು ಹೌದೋ ಅಲ್ಲೋ ಅದೂ ಗೊತ್ತಿಲ್ಲ. ಮಜ್ಜಿಗಿಗೆ ಬಂದಿದ್ದ ರಾಯವ್ವ ಓಡಿ ಹೋಗಿ ಪ್ಲಗ್ ಕಿತ್ತಳು. ರಬ್ಬರ್ ಚಪ್ಪಲಿ ಇದ್ದದ್ದಕ್ಕ ಉಳದೆ ಅಂತ ಆಮ್ಯಾಲ ಎಲ್ಲಾರೂ ಅಂದ್ರು. ಹೆದರಬ್ಯಾಡ್ರಿ, ಬಲಗೈ ಎರಡು ದಿನ ಜುಮುಜುಮು ಅಂತಿತ್ತು, ಈಗ ಏನೂ ಇಲ್ಲ. ನನಗ ಕಣ್ಣಾಗ ಉಳದದ್ದು ಅದಲ್ಲ. ನನ್ನ ದನಿ ಕೇಳಿ ಮಾವಾರು ಗ್ಯಾರೇಜಿನಿಂದ ಓಡಿ ಬಂದ್ರು. ಬಂದವರು ನಡುವ ಇದ್ದ ಬೋರಿನ ಪೆಟ್ಟಿಗಿಗೆ ಡಿಕ್ಕಿ ಹೊಡದು ಬಿದ್ರು, ಮೊಣಕಾಲು ಒಡೀತು. ಹಂಗ ಎದ್ದು ಎರಡೂ ಕೈ ಮುಂದ ಮಾಡಿ, "ಎಲ್ಲಿ ಅದೀ? ಅವ್ವಾ, ಎಲ್ಲಿ ಅದೀ?" ಅಂತ ಒದರಾಕ ಹತ್ತಿದ್ರು. ನಾನು ಅವರ ಕಾಲ ಮುಂದನ ಬಿದ್ದಿದ್ದೆ. ಗಾಬರಿಗೆ ಹಂಗ ಮಾಡ್ಯಾರಂತ ತಿಳಕೊಂಡೆ.

ಅವತ್ತ ಆ ವೈರ್ ಕಿತ್ತು ಒಗದೆ. "ನನಗ ದೀಪ ಬ್ಯಾಡವ್ವಾ, ಅದರ ಸಲುವಾಗಿ ಜೀವಕ್ಕ ಕುತ್ತು ತಂದಕೋಬ್ಯಾಡ" ಅಂದ್ರು. ಬ್ಯಾಟರಿ ಕೊಟ್ಟೆ, ಹಚ್ಚಲಿಲ್ಲ. ಇದು ಹಟಾನೇ ಅನ್ನಿಸ್ತು ನನಗ. ಅವರಿಗೆ ಹಟ ಇದ್ರ ನನಗೂ ಐತಿ ಅಂತ, ನಿಮ್ಮ ಸಾಲಿ ದೋಸ್ತ ವಾಸೀಮ್‌ಗೆ ಫೋನ್ ಹಚ್ಚಿದೆ. ಅವ ಈಗ ಬೈಲಹೊಂಗಲದಾಗ ವೈರಿಂಗ್ ಕೆಲಸದ ದೊಡ್ಡ ಮನಶ್ಯಾ ಆಗ್ಯಾನ, "ನಾಳೆ ಬರತೇನ್ರಿ ವೈನಿ" ಅನ್ನೂದು ಬಿಟ್ಟರ ಬ್ಯಾರೆ ಮಾತ ಇಲ್ಲ. ಎಷ್ಟೋ ನಾಳೆ ಆದ ಮ್ಯಾಲ ಬಂದ. ಬಂದವ ನಾ ಕಿತ್ತು ಒಗದ ವೈರ್ ನೋಡಿ ತಲಿ ಹಿಡಕೊಂಡು ಕುಂತ. "ಇದನ್ನ ಎಳದವರು ಯಾರ್ರಿ?" ಅಂದ. ರಾಯವ್ವ ನನ್ನ ಕಡೆ ಬೊಟ್ಟು ಮಾಡಿದಳು. ಆಮ್ಯಾಲ ಬೋರಿನ ಪೆಟ್ಟಿಗಿ ತಗದು, ನೀವು ಹೂತ ವೈರ್ ನೋಡಿ ಖುಷಿ ಆದ. "ಮಾದ್ಯಾ ಮೊದಲ ದಪ್ಪ ವೈರ್ ಹಾಕ್ಯಾನ್ರಿ, ಮುಂದ ಗ್ಯಾರೇಜಿಗೂ ಬೇಕಾಗತೈತಿ ಅಂತ ಲೆಕ್ಕ ಇಟ್ಟಾನ. ಇಲ್ಲಿಂದ ಮುಂದಕ್ಕ ಎಳದ್ರ ಆತು" ಅಂದ. ನಿಮ್ಮ ಹೆಸರು ಅಂಗಳದಾಗ ಯಾರೋ ಜೋರಾಗಿ ಅಂದಿದ್ದು ಕೇಳಿ ಎಷ್ಟು ದಿನ ಆಗಿತ್ತೋ. ನಾನು ಸುಮ್ಮಸುಮ್ಮನ ಒಳಗ ಹೋಗಿ ಚಾ ಇಟ್ಟೆ.

ವಾಸೀಮ್ ಹೇಳಿದ್ದು ಹಿಂಗ: ಜೋಡಣಿ ಮಣ್ಣಾಗ ಹೂಳಬಾರ್ದು, ಪೆಟ್ಟಿಗ್ಯಾಗ ಮಾಡಿ, ಅಲ್ಲಿಂದ ಗ್ಯಾರೇಜಿನತನಕ ಒಂದೇ ಅಖಂಡ ವೈರ್, ಪೈಪಿನೊಳಗ. ಮೊಣಕಾಲು ಮುಳಗೂವಷ್ಟು ಆಳ ತಗ್ಗು ಬೇಕು. ಪೈಪಿನ ಮ್ಯಾಲ ಉಸಕು, ಉಸಕಿನ ಮ್ಯಾಲ ಇಟ್ಟಂಗಿ, ನಾಳೆ ಯಾರರ ಅಗದ್ರ ಗುದ್ದಲಿ ಮೊದಲ ಇಟ್ಟಂಗಿಗೆ ಬಡೀಬೇಕು. ವೈರ್ ಬಿಗಿ ಎಳೀಬಾರ್ದು, ಸಡಲ ಬಿಡಬೇಕು. "ಬ್ಯಾಸಗ್ಯಾಗ ಎರಿ ಮಣ್ಣು ಬಿರೀತೈತಲ್ರಿ ವೈನಿ, ಬಿಗಿ ಇದ್ರ ಹರಕೊಂಡು ಹೋಗತೈತಿ" ಅಂದ. ಮನಿಯ ಬೋರ್ಡಿಗೆ, ಯಾರಿಗರ ಶಾಕ್ ಹೊಡದ್ರ ತಾನ ಬೀಳೂ ಸ್ವಿಚ್ ಒಂದು ಹಾಕೂದು, ಗ್ಯಾರೇಜಿನ ಬಾಜೂ ಅರ್ಥಿಂಗ್ ಬ್ಯಾರೇನ ಮಾಡೂದು. ತಗ್ಗು ತೋಡಾಕ ಆಳು ಕಳಸತೇನಿ ಅಂದ. ಬ್ಯಾಡ, ನಾ ತೋಡತೇನಿ ಅಂದೆ. ಯಾಕ ಹಂಗ ಅಂದೆನೋ ಗೊತ್ತಿಲ್ರಿ. ಮನಿ ಕೆಲಸ ಮುಂಜಾನೆನ ಮುಗದು ಬಿಡತೈತಿ, ಉಳದ ಹೊತ್ತು ಹಂಗ ಕುಂತಿರತೈತಿ.

ಮಳಿ ಬಿಡುವು ಕೊಟ್ಟಾಗ ತೋಡಾಕ ಹತ್ತಿದೆ. ಎರಿ ಮಣ್ಣಿನ ಸಂಗತಿ ನಿಮಗ ಗೊತ್ತೈತಿ, ಗುದ್ದಲಿಗೆ ಹತ್ತಿದ್ರ ಬಿಡೂದಿಲ್ಲ, ಒಂದು ಏಟು ಹಾಕಿ ಒಂದು ಸಲ ಕೆರೀಬೇಕು. ಅಂಗೈಯಾಗ ಬೊಬ್ಬಿ ಎದ್ದು ಒಡದ್ವು. ರಾಯವ್ವ ದಿನಾ ಬಂದು ಸ್ವಲ್ಪ ಕೈ ಹಚ್ಚೂದು, ಭಾಳ ಮಾತಾಡೂದು ಮಾಡತಿದ್ದಳು. ಮಾವಾರು ಗ್ಯಾರೇಜಿನ ಬಾಗಲಾಗ ಕುಂಡರತಿದ್ರು. ಮೊದಲ ದಿನ ಅಡಕಿ ತಿನಕೋತ ಕುಂತ್ರು. ಎರಡನೇ ದಿನ, "ಎಡಕ್ಕ ಹೊಂಟೀ ನೋಡು, ಬಲಕ್ಕ ತಗೋ, ಅಲ್ಲೆ ಹಳೇ ತಿಪ್ಪಿ ಗ್ವಾಡಿ ಕಲ್ಲದಾವ" ಅಂದ್ರು. ಅಗದು ನೋಡಿದೆ, ಕಲ್ಲು ಇದ್ವು. ಅವರ ಮಾರಿ ನನ್ನ ಕಡೆ ಇರಲಿಲ್ಲ, ರಸ್ತಾದ ಕಡೆ ಇತ್ತು. ಗುದ್ದಲಿ ಸಪ್ಪಳದ ಮ್ಯಾಲ ಹೇಳಿದ್ರು. ಹಿಂಗ ಮಾತು ಚಾಲೂ ಆತು. ಹಳೇ ಕಾಲದಾಗ ಸವದತ್ತಿ ರೋಡಿನ ಮ್ಯಾಲ ಕಮಾಂಡರ್ ಓಡಿಸಿದ್ದು, ಮಂದಿ ಟಾಪಿನ ಮ್ಯಾಲ ಕುಂತಿರತಿದ್ದದ್ದು, ಅತ್ತಿಯವರು ಲಗ್ನ ಆದ ಹೊಸತಾಗ ಮುಂದಿನ ಸೀಟಿನ್ಯಾಗ ಕುಂಡರಾಕ ನಾಚಿ ಹಿಂದ ಹೆಣಮಕ್ಕಳ ಜೋಡಿ ಕುಂತದ್ದು, ಎಲ್ಲಾ ಹೇಳಿದ್ರು. ನಾನು ತಗ್ಗಿನ್ಯಾಗ ನಿಂತು ಕೇಳ್ಕೋತ ಅಗೀತಿದ್ದೆ. ತಗ್ಗು ಲಗೂ ಮುಗೀಬಾರ್ದು ಅನ್ನಿಸಾಕ ಹತ್ತಿತ್ತು.

ಕೆಲಸ ಮುಗದದ್ದು ಹೊತ್ತು ಮುಳುಗೂ ಯಾಳೇದಾಗ. ವಾಸೀಮ್ ಮನಿಯೊಳಗ ಬೋರ್ಡಿನ ಕಡೆ ನಿಂತ. ನಾನು ಗ್ಯಾರೇಜಿನ ಒಳಗ ಮಾವಾರ ಬಾಜೂ ನಿಂತೆ. ಒಳಗ ಕತ್ತಲಿತ್ತು. ಟಪ್ ಅಂತ ದೀಪ ಹತ್ತಿತು. ರೊಟ್ಟಿ ಬಾಗಲಾಗ ಇಟ್ಟು ಬರತಿದ್ದಾಕಿ, ಗ್ಯಾರೇಜ್ ಒಳಗ ಹೆಂಗೈತಿ ಅಂತ ಎಷ್ಟೋ ತಿಂಗಳ ಮ್ಯಾಲ ನಾನು ನೋಡಿದ್ದು ಅವತ್ತ. ಜೀಪ ಒರಸಿಟ್ಟಂಗ ಚೊಕ್ಕ ಇತ್ತು. ಹೊರಸಿನ ಕಾಲಿನಿಂದ ಬಾಗಲತನಕ ಒಂದು ಹಗ್ಗ ಕಟ್ಟಿದ್ರು, ಬಾಗಲದಿಂದ ಹೊರಗ ಬಚ್ಚಲದ ಕಡೆ ಇನ್ನೊಂದು, ಅದನ್ನ ಇಷ್ಟು ದಿನ ಅರವಿ ಒಣ ಹಾಕೂ ಹಗ್ಗ ಅಂತ ತಿಳದಿದ್ದೆ. ತಾಟು, ಚರಿಗಿ, ಅಡಕಿ ಚೀಲ, ಊರೂ ಬಡಗಿ ಎಲ್ಲಾ ಗ್ವಾಡಿಗೆ ಹತ್ತಿ ಒಂದೇ ಸಾಲಿನ್ಯಾಗ. ಇದೇನು ಹಗ್ಗ ಅಂತ ಕೇಳಬೇಕಂತ ತಿರುಗಿ ನೋಡಿದೆ. ಮಾವಾರು ದೀಪದ ಕೆಳಗನ ನಿಂತಿದ್ರು, ಮಾರಿ ಮ್ಯಾಲ ಬೆಳಕು ಬಿದ್ದಿತ್ತು, ಕಣ್ಣು ತಗದ ಇದ್ವು. ನನ್ನ ಕಡೆ ಕಿವಿ ಕೊಟ್ಟು, "ಹತ್ತಿತೇನವ್ವಾ?" ಅಂದ್ರು. ಅದೇ ಹೊತ್ತಿಗೆ ಮನಿಯಿಂದ ವಾಸೀಮ್ ಒದರಿದ, "ವೈನಿ, ಹತ್ತಿತೇನ್ರಿ?" ನಾನು ಮಾವಾರ ಕಣ್ಣ ಮುಂದ ಕೈ ಆಡಿಸಿದೆ, ರೆಪ್ಪಿ ಬಡೀಲಿಲ್ಲ. ಅವ ಮತ್ತ ಒದರಿದ. ಆವಾಗ "ಹತ್ತಿತು" ಅಂದೆ, ಯಾರಿಗೆ ಅಂದೆನೋ ಏನೋ.

ಹೌದ್ರಿ. ಮಾವಾರಿಗೆ ಕಣ್ಣು ಕಾಣವೊಲ್ದು. ಅತ್ತಿಯವರು ಇದ್ದಾಗಿಂದನ ಮಂಜ ಮಂಜ ಆಗಾಕ ಹತ್ತಿತ್ತಂತ. ಅತ್ತಿಯವರಿಗೆ ಅಷ್ಟ ಗೊತ್ತಿತ್ತು. ಅವರು ಇರೂತನಕ ಬಾಜೂ ಕುಂತು, "ರೊಟ್ಟಿ ಬಲಕ್ಕೈತಿ, ಪಲ್ಯಾ ಎಡಕ್ಕೈತಿ" ಅಂತ ಸಣ್ಣ ದನಿಲೇ ಹೇಳತಿದ್ರಂತ. ನಾನು ಅದನ್ನ ಗಂಡ ಹೆಂಡತಿ ಮಾತು ಅಂತ ತಿಳಕೊಂಡು ದೂರ ಇರತಿದ್ದೆ. ವಾಸೀಮ್ ಹೋದ ಮ್ಯಾಲ ಹೊರಸಿನ ಮ್ಯಾಲ ಕುಂತು ಎಲ್ಲಾ ಹೇಳಿದ್ರು. "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ನೀ ಮನಿ ಭಾಳ ಚೊಕ್ಕ ಇಡತಿ. ಇವತ್ತ ಖುರ್ಚಿ ಇಲ್ಲೆ, ನಾಳೆ ಅಲ್ಲೆ. ಕೊಡಾ ಒಂದು ದಿನ ಬಾಗಲಾಗ, ಒಂದು ದಿನ ಕಟ್ಟೀಮ್ಯಾಲ. ನಾ ಎಡವಿ ಬಿದ್ದರ ನಿನಗ ಗೊತ್ತಾಕ್ಕಿತ್ತು. ಗ್ಯಾರೇಜಿನ್ಯಾಗ ನಾ ಸರಿಸದ ಏನೂ ಸರಿಯೂದಿಲ್ಲ" ಅಂದ್ರು. ನಾ ನಿಂತಾಗ ಉಣ್ಣತಿರಲಿಲ್ಲ ಯಾಕಂದ್ರ, ತಾಟಿನ್ಯಾಗ ತಡವೂದು ನಾ ನೋಡಬಾರ್ದು ಅಂತ. ನನಗ ಗೊತ್ತಾದ್ರ ನಿಮಗ ಗೊತ್ತಾಗತೈತಿ, ನಿಮಗ ಗೊತ್ತಾದ್ರ ನೌಕರಿ ಬಿಟ್ಟು ಬರತೀರಿ, ಪೆನ್ಶನ್ ಆಗೂತನಕ ತಡಿಯೂದಿಲ್ಲ ಅಂತ ಹೆದರಿಕಿ. ನಾನು ಅಳಲಿಲ್ಲ. ಸೊಸಿ ಮ್ಯಾಲ ಸಿಟ್ಟಿಲ್ಲ ಅಂದದ್ದು ಕೇಳಿ ಒಳಗ ಖುಷಿ ಆತು, ಅಂಥಾ ಹೊತ್ತಿನ್ಯಾಗ ಖುಷಿ ಆತಲ್ಲ ಅಂತ ನಾಚಿಕೀನೂ ಆತು.

ಮರುದಿನನ ವಾಸೀಮ್‌ನ ಗಾಡ್ಯಾಗ ಬೈಲಹೊಂಗಲಕ್ಕ ಕರಕೊಂಡು ಹೋದೆ. ಅಲ್ಲಿ ಡಾಕ್ಟರು ನೋಡಿ ಬೆಳಗಾವಿಗೆ ಬರದು ಕೊಟ್ಟರು, ಅಲ್ಲೀನೂ ಹೋಗಿ ಬಂದ್ವಿ. ಕಣ್ಣಾಗ ಪ್ರೆಶರ್ ಏರಿ ನರ ಒಣಗ್ಯಾವಂತ. ಎಡಗಣ್ಣು ಪೂರಾ ಹೋಗೈತಿ. ಬಲಗಣ್ಣಿನ ಅಂಚಿನ್ಯಾಗ ಒಂದೀಟು ಉಳದೈತಿ, ಹೊರಗ ಬಿಸಲಾಗ ನಿಂತ್ರ ಯಾರೋ ಅಡ್ಡ ಹಾದಂಗ ನೆಳ್ಳು ಕಾಣತೈತಂತ, ಅಷ್ಟ. ಹೋದದ್ದು ಬರೂದಿಲ್ಲ, ಉಳದದ್ದನ್ನ ಉಳಸಾಕ ಔಷಧ ಹಾಕಬೇಕು ಅಂದ್ರು. ಮುಂಜಾನೆ ಸಂಜಿ ನಾನ ಹನಿ ಹಾಕತೇನಿ. ಮೊದಲ ದಿನ ಮಾರಿ ಹಿಂದಕ್ಕ ತಗೊಂಡ್ರು, ಈಗ ನನ್ನ ಹೆಜ್ಜಿ ಸಪ್ಪಳ ಕೇಳಿದ ಕೂಡಲೇ ತಲಿ ಮ್ಯಾಲ ಮಾಡಿ ಸಣ್ಣ ಹುಡುಗರಂಗ ಕುಂಡರತಾರ. ನಾನು ಮುಂದ ಕುಂತು ಉಣಸತೇನಿ. ಅತ್ತಿಯವರು ಹೇಳಿದಂಗ "ರೊಟ್ಟಿ ಬಲಕ್ಕ" ಅಂತ ಹೇಳಾಕ ಕಲತೇನಿ.

ಮನಿಯೊಳಗ ಬರ್ರಿ, ಖುರ್ಚಿ ಕೊಡಾ ಒಂದೂ ಸರಸೂದಿಲ್ಲ ಅಂತ ಕರದೆ. "ಕಲೀತೇನಿ, ಜರಾ ಹೊತ್ತು ಹಿಡೀತೈತಿ, ಈಗ ಇಲ್ಲೇ ಇರಲಿ" ಅಂದ್ರು. ಒತ್ತಾಯ ಮಾಡಲಿಲ್ಲ. ಹಗ್ಗ ಹಳೇದಾಗಿತ್ತು, ಹೊಸ ನೈಲಾನ್ ಹಗ್ಗ ಕಟ್ಟಿ ಮನಿಯ ಕಟ್ಟಿತನಕ ತಂದೇನಿ. ದಿನಾ ಮುಂಜಾನೆ ಅದನ್ನ ಹಿಡಕೊಂಡು ಚಾಕ್ಕ ಬರತಾರ, ಕಟ್ಟೀಮ್ಯಾಲ ಕುಂತು ಕುಡದು ಹೋಗತಾರ.

ದೀಪದ ಮಾತೊಂದು ಹೇಳಬೇಕು. ಇಷ್ಟೆಲ್ಲಾ ತೋಡಿ, ಹೂತು, ಪೈಪು ಇಟ್ಟಂಗಿ ಹಾಕಿ ತಂದ ದೀಪ ಅವರಿಗೆ ಏನೂ ಉಪಯೋಗಿಲ್ಲ ಅಂತ ನನಗ ಭಾಳ ಕೆಟ್ಟ ಅನ್ನಿಸಿತ್ತು. ಬೆಳಗಾವಿಯಿಂದ ಬಂದ ದಿನ ಸಂಜಿಗೆ, ಸುಮ್ಮನ ಯಾಕಂತ ಆರಸಾಕ ಹೋದೆ. ಸ್ವಿಚ್ ಸಪ್ಪಳ ಕೇಳಿ, "ಆರಸಬ್ಯಾಡ" ಅಂದ್ರು. "ನನಗಲ್ಲ, ನಿನಗ ಬೇಕದು. ನೀ ಅಡಗಿಮನಿ ಕಿಡಕ್ಯಾಗ ನಿಂತು ಇತ್ತಾಗ ನೋಡಿದ್ರ ಇಲ್ಲೊಬ್ಬಾವ ಅದಾನ ಅಂತ ಗೊತ್ತಾಗಲಿ. ಅಷ್ಟು ದೊಡ್ಡ ಮನಿಯಾಗ ಒಬ್ಬಾಕಿ ಇರತಿ" ಅಂದ್ರು. ಈಗ ಹೊರಸಿನ ಬಾಜೂ ಇರೂ ಸ್ವಿಚ್ಚು ದಿನಾ ಸಂಜಿಗೆ ತಾವ ಹಾಕತಾರ. ದನಾ ಮನಿಗೆ ಬರೂ ಗಂಟಿ ಸಪ್ಪಳ ಅವರಿಗೆ ಗುರುತು. ಒಮ್ಮೊಮ್ಮೆ ಮೋಡ ಹಾಕಿದ ದಿನ ದನಾ ಲಗೂ ಹೊಡಕೊಂಡು ಬಂದ್ರ, ಇನ್ನೂ ಬೆಳಕಿದ್ದಾಗನ ದೀಪ ಹತ್ತಿರತೈತಿ. ಹೇಳೂದಿಲ್ಲ ನಾನು. ರೊಟ್ಟಿ ಬಡ್ಯಾಕ ಕುಂತಾಗ ಕಿಡಕ್ಯಾಗ ಅದು ಕಾಣತೈತಿ. ಟೀವಿ ಹಚ್ಚೂದು ಈಗ ಕಡಿಮಿ ಆಗೈತಿ.

ಇದನ್ನ ನಿಮಗ ಬರಿಯೂದೋ ಬ್ಯಾಡೋ ಅಂತ ನಮ್ಮಿಬ್ಬರಿಗೂ ಜಗಳ ಆತು. ಮುಚ್ಚಿಟ್ಟು ಸಾಕಾಗೇತಿ, ಬರದ ಬರೀತೇನಿ ಅಂದೆ. ಕಡೀಕ "ಬರೀ, ಆದ್ರ ಮಾದೇವಗ ಬರಬ್ಯಾಡ ಅಂತನೂ ಬರೀ. ಅಪ್ಪ ಆರಾಮ ಅದಾನ, ನೌಕರಿ ಪೂರಾ ಮುಗಿಸಿನ ಬಾ ಅಂತ ಬರೀ" ಅಂದ್ರು. ಅದಕ್ಕ ಬರೀತೇನಿ: ನೀವು ಬರೂ ಗಡಿಬಿಡಿ ಮಾಡಬ್ಯಾಡ್ರಿ. ಮಾವಾರ ಕಾಳಜಿ ಬಿಡ್ರಿ. ನಿಮ್ಮ ಎದಿ ಬೆಚ್ಚಗ ಇಟಕೋರಿ, ಕೆಮ್ಮಿಗೆ ಔಷಧ ತಗೋರಿ, ಹೊತ್ತಿಗೆ ಸರಿಯಾಗಿ ಉಣ್ರಿ. ವಾಸೀಮ್ ಸಲಾಂ ಹೇಳ್ಯಾನ, ರಾಯವ್ವ ನಿಮ್ಮನ್ನ ಭಾಳ ಕೇಳತಾಳ. ಮಾವಾರು ಇಲ್ಲೇ ಕಟ್ಟೀಮ್ಯಾಲ ಕುಂತಾರ, ತಲಿ ಮ್ಯಾಲ ಕೈ ಇಟ್ಟೇನಿ ಅಂತ ಬರೀ ಅನ್ನಾಕ ಹತ್ಯಾರ. ಇಟ್ಟಾರ ಅಂತ ತಿಳಕೋರಿ.

ನಿಮ್ಮ
ಅನ್ನಪೂರ್ಣಾ

ತಾ.ಕ. — ಸೋಮವಾರ ಮುಂಜಾನೆ. ಟಪಾಲಿನ ಮನಶ್ಯಾ ಬಾಗಲಾಗ ನಿಂತಾನ, ಲಗೂ ಬರೀತೇನಿ. ಬರಬ್ಯಾಡ್ರಿ ಅಂತ ಮ್ಯಾಲ ಬರದದ್ದು ಮಾವಾರ ಮಾತು. ನಾ ಹೇಳೂದು ಬ್ಯಾರೆ ಐತಿ. ಕೆಳಗ ಇಳದ ಕೂಡಲೇ ರಜಾ ಕೇಳ್ರಿ, ಎಷ್ಟು ಕೊಟ್ಟರ ಅಷ್ಟು ತಗೊಂಡು ಬರ್ರಿ. ಮಾವಾರ ಕಣ್ಣಿನ ಸಲುವಾಗಿ ಅಲ್ಲ, ಅದಕ್ಕ ನಾ ಅದೇನಿ. ಕಾರಣ ಏನಂತ ನಿಮ್ಮ ಸಾಹೇಬ್ರು ಕೇಳಿದ್ರ ಅಪ್ಪನ ಹೆಸರು ಹೇಳಬ್ಯಾಡ್ರಿ. ಹೆಂಡತಿ ಕರದಾಳ ಅಂತ ಹೇಳ್ರಿ.